ಶುಕ್ರವಾರಕ್ಕೆ ಇಟ್ಟ ಮಾತು

ಶಾಲೆಯ ಜಿಮ್ ಹಾಲ್‌ನಲ್ಲಿ ಓಡ್ವಾರ್ ನಾಟಕಕ್ಕೆಂದು ಫೆರಿಗೆ ಕಾರು ಹತ್ತಿಸುವ ಹಲಗೆಯ ರ‍್ಯಾಂಪ್ ಕಟ್ಟುತ್ತಿದ್ದ. ದಿನವೂ ನಿಜವಾದ ಫೆರಿಯ ಡೆಕ್ ಮೇಲೆ ನಿಂತು ಕಾರುಗಳನ್ನು ಸಾಲು ಹಚ್ಚುವುದೇ ಅವನ ಕೆಲಸ. ಶನಿವಾರದ ರಜೆಯಲ್ಲೂ ಅದೇ ಗಂಟುಬಿದ್ದಿತ್ತು. ಹತ್ತನೇ ತರಗತಿಯ ನಾಟಕವೆಂದರೆ ಅಪ್ಪ ಅಮ್ಮಂದಿರೆಲ್ಲ ಸುತ್ತಿಗೆಯೋ ಬ್ರಷ್ಷೋ ಹಿಡಿದು ಬರಲೇಬೇಕು. ಬಾರದವರನ್ನು ಯಾರೂ ಏನೂ ಕೇಳುವುದಿಲ್ಲ. ಆದರೆ ಮುಂದಿನ ವಾರ ಅಂಗಡಿಯಲ್ಲಿ ಅವರನ್ನು ನೋಡಿ ನಗುವವರು ಕಡಿಮೆಯಾಗಿರುತ್ತಾರೆ. ಓಡ್ವಾರ್ ಈ ಸಲ ಬಾರದಿದ್ದರೂ ಎಲ್ಲರೂ ಕನಿಕರದಿಂದ ನಗುತ್ತಿದ್ದರು. ಆ ನಗು ಬೇಡವೆಂದೇ ಅವನು ಎಲ್ಲರಿಗಿಂತ ಮುಂಚೆ ಬಂದಿದ್ದ.

"ಇದು ನಿಜವಾದ್ದರ ಥರಾನೇ ಮೇಲೇಳುತ್ತಾ?" ಎಂದು ಬೋದಿಲ್ ಕೇಳಿದಳು. ನಾಟಕ ಮಾಡಿಸುವ ಟೀಚರು ಅವಳು. ಓಡ್ವಾರನ ಹೆಂಡತಿ ಯೊರುನ್‌ಳ ಜೊತೆ ಇದೇ ಶಾಲೆಯಲ್ಲಿ ಓದಿದವಳು.

"ಏಳುತ್ತೆ. ಹಿಂದೆ ಇಬ್ಬರು ಹುಡುಗರು ಹಗ್ಗ ಎಳೀಬೇಕು."

"ಏಳೋ ಮುಂಚೆ ಡೆಕ್ ಮೇಲೆ ನೀವೇನಂತೀರಿ? ಏನಾದ್ರೂ ಗತ್ತಿನ ಮಾತು ಇರುತ್ತಾ?"

"ಗತ್ತೂ ಇಲ್ಲ ಗಮ್ಮತ್ತೂ ಇಲ್ಲ. ಕಾರೆಲ್ಲ ಹತ್ತಿದ ಮೇಲೆ ಕ್ಯಾಪ್ಟನ್‌ಗೆ ವಾಕಿಟಾಕೀಲಿ ಒಂದು ಮಾತು. 'ಹಿಂದೆ ಎಲ್ಲಾ ಸರಿಯಿದೆ, ಹೊರಡಬಹುದು.' ಅವನು 'ಕೇಳಿಸಿತು' ಅಂತಾನೆ. ನಾನು ಗುಂಡಿ ಒತ್ತುತ್ತೀನಿ."

"ಅವನು ಕೇಳಿಸಿತು ಅನ್ನಲಿಲ್ಲ ಅಂದ್ರೆ?"

"ರ‍್ಯಾಂಪ್ ಏಳಲ್ಲ. ಇನ್ನೊಂದು ಸಲ ಹೇಳ್ಬೇಕು. ಉತ್ತರ ಬರೋ ತನಕ ಹಡಗು ಅಲ್ಲೇ."

ಸ್ವಲ್ಪ ದೂರದಲ್ಲಿ ಅವನ ಮಗಳು ಸುನ್ನಿವಾ ನೆಲದಲ್ಲಿ ಮಂಡಿಯೂರಿ ಹಲಗೆಯ ಅಂಚಿಗೆ ಹಳದಿ ಪಟ್ಟೆ ಬಳಿಯುತ್ತಿದ್ದಳು. ಚಿಕ್ಕವಳಿದ್ದಾಗ ಅಪ್ಪನ ಜೊತೆ ಫೆರಿ ಹತ್ತಿ, ಡಬ್ಬಿಯಲ್ಲಿ ಕಂದು ಚೀಸಿನ ಬ್ರೆಡ್ಡು ಕಟ್ಟಿಸಿಕೊಂಡು ಬಂದು, ಆಚೆ ದಡ ಈಚೆ ದಡ ಎಂದು ಇಡೀ ದಿನ ಅಲ್ಲೇ ಕಳೆಯುತ್ತಿದ್ದ ಹುಡುಗಿ. ಈಗ ಅವಳು ತಲೆ ಎತ್ತಲಿಲ್ಲ. ಬ್ರಷ್ಷು ಮಾತ್ರ ಒಂದು ಗಳಿಗೆ ನಿಂತು ಮತ್ತೆ ಹೊರಟಿತು.

ನಾಟಕ ಹಳೆಯದು. ಊರಿನ ಎಲ್ಲರಿಗೂ ಗೊತ್ತಿದ್ದದ್ದು. ತಾಯಿಯನ್ನು ಕರೆದೊಯ್ಯಲು ಬೆಟ್ಟಗಳ ನಡುವೆ ಚಾಚಿದ ಕಡಲ ತೋಳಾದ ಫ್ಯೋರ್ಡ್‌ನ ಆಚೆಯಿಂದ ಕಪ್ಪು ದೋಣಿಯೊಂದು ಬರುತ್ತದೆ. ಮಗಳು ಅದರ ಹುಟ್ಟುಗಳನ್ನು ಕದ್ದು ಚರ್ಚಿನ ನೆಲದಡಿ ಬಚ್ಚಿಡುತ್ತಾಳೆ. ದೋಣಿ ನಿಂತಲ್ಲೇ ನಿಲ್ಲುತ್ತದೆ. ಅದು ನಿಂತಿರುವಷ್ಟು ದಿನ ನೀರು ಅಲುಗುವುದಿಲ್ಲ, ಮೀನು ಬರುವುದಿಲ್ಲ. ಊರು ಹಸಿಯುತ್ತದೆ. ಕೊನೆಗೆ ಹುಟ್ಟುಗಳನ್ನು ಮಗಳೇ ಹೊತ್ತು ತಂದು ಕೊಡುತ್ತಾಳೆ. ಯೊರುನ್ ಹದಿನೈದರ ಪ್ರಾಯದಲ್ಲಿ ಇದೇ ಹಾಲ್‌ನಲ್ಲಿ ಉದ್ದ ಲಂಗ ತೊಟ್ಟು, ಪದ್ಯದ ಮಾತು ಹೇಳಿ, ಮಗಳ ಪಾತ್ರ ಮಾಡಿದ್ದಳು. ಬೋದಿಲ್ ಅದನ್ನು ಇಂದಿನ ಕಾಲಕ್ಕೆ ತಂದಿದ್ದಳು. ಈಗ ಅದು ಕಾರು ಸಾಗಿಸುವ ಫೆರಿಯ ಕೊನೆಯ ಪ್ರಯಾಣ. ಮರುದಿನ ನೀರಿನಡಿಯ ಸುರಂಗ ತೆರೆಯುತ್ತದೆ. ತಾಯಿ ರಟ್ಟಿನ ಕಾರಿನಲ್ಲಿ ಕೂತಿರುತ್ತಾಳೆ. ಹೊಳೆಯುವ ಪಟ್ಟಿಯ ಜಾಕೆಟ್ ತೊಟ್ಟ ಮಗಳು ಗುಂಡಿ ಒತ್ತುವುದಿಲ್ಲ ಎಂದು ಹಟ ಹಿಡಿಯುತ್ತಾಳೆ.

ಆಗಸ್ಟ್‌ನಲ್ಲಿ ಪಾತ್ರ ಹಂಚಿ, ಮಗಳ ಪಾತ್ರ ಸುನ್ನಿವಾಳಿಗೆ ಬಂದಾಗ ಯೊರುನ್‌ಗೆ ಬರೀ ಬೆನ್ನು ನೋವಿತ್ತು. ಕೂದಲು ಕತ್ತರಿಸುತ್ತ ದಿನವಿಡೀ ನಿಂತೇ ಇರುವವಳಿಗೆ ಬೆನ್ನು ನೋಯದೆ ಇನ್ನೇನು ಎಂದು ಎಲ್ಲರೂ ಅಂದುಕೊಂಡಿದ್ದರು. ಅಕ್ಟೋಬರ್ ಹೊತ್ತಿಗೆ ಅದು ಬೆನ್ನಿನ ವಿಷಯವಲ್ಲವೆಂದು ಗೊತ್ತಾಯಿತು. ಪಾತ್ರ ಬದಲಾಯಿಸಲೇ ಎಂದು ಬೋದಿಲ್ ಕೇಳಿದ್ದಳು. ಸುನ್ನಿವಾ ಬೇಡವೆಂದಿದ್ದಳು. ಆಗ ಬೋದಿಲ್, "ಹಾಗಾದ್ರೆ ಕೊನೇ ಮಾತು ನಾನು ಬರೆಯಲ್ಲ. ನೀನೇ ಬರ್ಕೋ. ನನಗೂ ಹೇಳ್ಬೇಡ" ಎಂದಿದ್ದಳು.

ಹಾಗೆ ಹೇಳಲು ಕಾರಣವಿತ್ತು. ಆ ಶಾಲೆಯಲ್ಲಿ ನಾಟಕದ ಕೊನೆಯ ಮಾತನ್ನು ರಿಹರ್ಸಲ್‌ನಲ್ಲಿ ಆಡುವುದಿಲ್ಲ. ಯಾವ ಕಾಲದಿಂದ ಬಂದ ಪದ್ಧತಿಯೋ ಯಾರಿಗೂ ತಿಳಿಯದು. ಖಾಲಿ ಹಾಲ್‌ನಲ್ಲಿ ನಾಟಕವನ್ನು ಮುಗಿಸಿಬಿಟ್ಟರೆ ಅದು ಅಲ್ಲೇ ಸತ್ತುಹೋಗುತ್ತದೆ ಅನ್ನುವ ಭಯ. ಕೊನೆಯ ಮಾತಿನ ಜಾಗ ಬಂದಾಗ ಪಾತ್ರಧಾರಿ ಬೆರಳ ಗಂಟಿನಿಂದ ಮರದ ಮೇಲೆ ಮೂರು ಸಲ ಬಡಿಯಬೇಕು, ಅಷ್ಟೇ. ಮಾತು ಹೊರಬರುವುದು ಪ್ರದರ್ಶನದ ದಿನ, ಜನರೆದುರು. ಹಳೆಯ ನಾಟಕದಲ್ಲಾದರೆ ಆ ಮಾತು ಊರಿಗೇ ಗೊತ್ತಿರುತ್ತಿತ್ತು. ಈ ಸಲದ್ದು ಸುನ್ನಿವಾಳ ತಲೆಯೊಳಗೆ ಮಾತ್ರ ಇತ್ತು.

ಭಾನುವಾರ ಮನೆಗೆ ಬರುವ ನರ್ಸು ಯೊರುನ್‌ಗೆ ಚುಚ್ಚುಮದ್ದು ಕೊಟ್ಟು, ಅಡುಗೆಮನೆಗೆ ಬಂದು, ಕೈ ತೊಳೆಯುತ್ತ, ಓಡ್ವಾರನಿಗೆ, "ಮಂಗಳವಾರ ಗ್ರ್ಯಾಂಡ್ ರಿಹರ್ಸಲ್ ಇದೆಯಂತಲ್ಲ. ಅದಕ್ಕೆ ಕರ್ಕೊಂಡು ಹೋಗಿ. ಶುಕ್ರವಾರದ ಪ್ರದರ್ಶನ ಅಂತ ಕಾಯ್ಬೇಡಿ" ಎಂದಳು. ನಲ್ಲಿ ನಿಲ್ಲಿಸಿದ ಮೇಲೂ ಅವಳು ಸ್ವಲ್ಪ ಹೊತ್ತು ಅವನಿಗೆ ಬೆನ್ನು ಮಾಡಿಯೇ ನಿಂತಿದ್ದಳು. ಓಡ್ವಾರ್ ಅವಳಿಗೆ ಟವೆಲ್ ಕೊಟ್ಟ.

ಸೋಮವಾರ ಅವನು ಬೋದಿಲ್‌ಳನ್ನು ಶಾಲೆಯ ಕಾರು ನಿಲ್ಲಿಸುವ ಜಾಗದಲ್ಲಿ ಹಿಡಿದ. ಕೆಸರು ಹಿಮದಲ್ಲಿ ಇಬ್ಬರ ಬೂಟುಗಳೂ ಮುಳುಗಿದ್ದವು.

"ಒಂದೇ ಒಂದು ಕೇಳ್ತೀನಿ. ನಾಳೆ ಆ ಕೊನೇ ಮಾತು ಹೇಳಿಸು. ಯೊರುನ್ ಕೇಳ್ಬೇಕು."

ಬೋದಿಲ್ ತನ್ನ ಕಾರಿನ ಬಾಗಿಲನ್ನು ಸುಮ್ಮನೆ ತೆರೆದು ಮುಚ್ಚಿದಳು. "ಹೇಳಿಸ್ತೀನಿ. ಹಾಲ್‌ನಲ್ಲಿ ಒಬ್ಬಳು ಕೂತಿದ್ರೂ ಅದು ಜನಾನೇ ಅಂತ ಹುಡುಗರ ಹತ್ರ ವಾದ ಮಾಡ್ತೀನಿ. ಯಾರಾದ್ರೂ ಎದುರಾಡಿದ್ರೆ ನಾನೇ ನೋಡ್ಕೋತೀನಿ." ಆಮೇಲೆ ಕೇಳಿದಳು: "ಶುಕ್ರವಾರದ ತನಕ ಇಲ್ವಾ ಓಡ್ವಾರ್?"

ಅವನು ಬೂಟಿನ ಹಿಮ ಒದರಿದ.

ಆ ಸಂಜೆ ಅವನು ಯೊರುನ್‌ಗೆ ಅದನ್ನು ಹೇಳಿದ್ದು ಸಂತೋಷಪಡಿಸಲೆಂದೇ. ಅವಳ ಮಂಚವನ್ನು ಹಜಾರದ ಕಿಟಕಿಯ ಬಳಿ ಹಾಕಿದ್ದರು. ಅಲ್ಲಿಂದ ಫೆರಿ ಹೋಗಿ ಬರುವುದು ಕಾಣುತ್ತಿತ್ತು. ಮಗಳ ಕೊನೆಯ ಮಾತು ಏನಿರಬಹುದೆಂದು ಊಹಿಸುವುದು ಕೆಲವು ವಾರಗಳಿಂದ ಅವಳ ಆಟವಾಗಿತ್ತು. "'ಸುರಂಗದಲ್ಲಿ ಸಿಗ್ನಲ್ ಸಿಗಲ್ಲ, ಈಗಲೇ ಫೋನ್ ಮಾಡು' ಅಂತಿರುತ್ತೆ ನೋಡು" ಎನ್ನುವಳು. ಇನ್ನೊಂದು ದಿನ, "'ಟೋಲ್ ಯಾರು ಕಟ್ತಾರೆ?' ಅಂತಿರಬಹುದು. ನಿನ್ನ ಮಗಳಲ್ವಾ" ಎನ್ನುವಳು. ಆದರೆ ಈಗ ಅವಳು ನಗಲಿಲ್ಲ.

"ನೀನು ಯಾಕೋ ಹೋಗಿ ಕೇಳಿದೆ?"

"ನಿನಗೆ ಕೇಳ್ಬೇಕು ಅಂತ ಆಸೆ ಇತ್ತಲ್ಲೇ."

"ಇದೆ. ಬೆಟ್ಟದಷ್ಟಿದೆ." ಅವಳು ಉಸಿರು ತೆಗೆದುಕೊಂಡಳು. "ಆದ್ರೆ ಯೋಚ್ನೆ ಮಾಡು. ಯಾವ ಕಾಲದಲ್ಲೂ ಹೇಳದ ಮಾತನ್ನ ನಾಳೆ ಹೇಳು ಅಂದ್ರೆ, ಅವಳೇನು ದಡ್ಡಿಯಾ? ಅಮ್ಮ ಶುಕ್ರವಾರ ಇರಲ್ಲ ಅಂತ ಇಡೀ ಕ್ಲಾಸಿನ ಮುಂದೆ ಅವಳಿಗೆ ಹೇಳಿದ ಹಾಗೆ ಅಲ್ವಾ? ರಂಗದ ಮೇಲೆ ನಿಲ್ಲಿಸಿ, ಲೈಟ್ ಹಾಕಿ."

"ಹೇಗಿದ್ರೂ ಗೊತ್ತಾಗಲೇ ಬೇಕಲ್ಲ."

"ಗೊತ್ತಾಗಲಿ. ನನ್ನಿಂದ ಬೇಡ. ಅವಳು ಶುಕ್ರವಾರ ಅಂತ ಇಟ್ಕೊಂಡಿದ್ದಾಳೆ, ಇಟ್ಕೊಂಡಿರಲಿ. ಬೋದಿಲ್‌ಗೆ ಫೋನ್ ಮಾಡಿ ಬೇಡ ಅನ್ನು."

ಅವನು ಕುಳಿತೇ ಇದ್ದ.

"ಮಾಡೋ ಮಾರಾಯ. ನಾನೇ ಮಾಡಿದ್ರೆ ಅವಳು ಅಳ್ತಾಳೆ, ಆಮೇಲೆ ಅವಳನ್ನ ಸಮಾಧಾನ ಮಾಡೋ ಕೆಲ್ಸ ನನ್ನ ತಲೆ ಮೇಲೆ ಬರುತ್ತೆ."

ಅವನು ಫೋನ್ ಮಾಡಿದ.

ಮಂಗಳವಾರ ಯೊರುನ್ ಕೆಂಪು ಉಲ್ಲನ್ನಿನ ಟೋಪಿ ಹಾಕಿಕೊಂಡಳು. ತುಟಿಗೆ ಬಣ್ಣ ಹಚ್ಚಿಕೊಂಡಳು. ಗಾಲಿಕುರ್ಚಿಯಲ್ಲಿ ಅವಳನ್ನು ಹಾಲ್‌ನ ನಡುಸಾಲಿಗೆ ತಂದು ನಿಲ್ಲಿಸಿದಾಗ ಪರದೆಯ ಸೀಳಿನಿಂದ ಯಾರೋ ಇಣುಕಿ ನೋಡಿ ಹಿಂದೆ ಸರಿದರು. ಮರೆಯಿಂದ ಮಾತು ನೆನಪಿಸುವ ಪ್ರಾಂಪ್ಟರ್ ಹುಡುಗಿ ಮಾರೆನ್ ಮಾತ್ರ ಹತ್ತಿರ ಬಂದು, "ಕೂದಲು ಯಾರು ಕತ್ತರಿಸ್ತಾರೆ ಈಗ ನಮಗೆ? ಪಕ್ಕದೂರಿನವಳು ನನ್ನನ್ನ ಕುರಿ ಮಾಡಿ ಕಳಿಸಿದ್ಲು" ಎಂದಳು. ಯೊರುನ್ ಅವಳ ತಲೆ ಹಿಡಿದು ಈ ಕಡೆ ಆ ಕಡೆ ತಿರುಗಿಸಿ, "ಕುರಿಗೆ ಇದಕ್ಕಿಂತ ನೀಟಾಗಿ ಕತ್ತರಿಸ್ತಾರೆ" ಎಂದಳು.

ರಿಹರ್ಸಲ್ ಎಲ್ಲ ಕೆಟ್ಟಿತು. ಒಬ್ಬ ಹುಡುಗ ಮಾತು ಮರೆತ. ರಟ್ಟಿನ ಕಾರಿನ ಚಕ್ರ ಉರುಳಿ ಮುಂದಿನ ಸಾಲಿಗೆ ಬಂತು. ಗ್ರ್ಯಾಂಡ್ ರಿಹರ್ಸಲ್ ಕೆಟ್ಟಷ್ಟೂ ಪ್ರದರ್ಶನ ಚೆನ್ನಾಗುತ್ತದೆಂದು ನಂಬಿದವರು ಅವರು, ಹಾಗಾಗಿ ಯಾರಿಗೂ ಬೇಸರವಿರಲಿಲ್ಲ. ಸುನ್ನಿವಾ ಮಾತ್ರ ಒಂದಕ್ಷರ ತಪ್ಪಲಿಲ್ಲ. ದೊಡ್ಡ ಜಾಕೆಟ್ಟಿನಲ್ಲಿ ಅವಳು ಇನ್ನೂ ಚಿಕ್ಕವಳಾಗಿ ಕಾಣುತ್ತಿದ್ದಳು. ಕಾರಿನಲ್ಲಿ ಕೂತ ತಾಯಿಯ ಪಾತ್ರದ ಹುಡುಗಿ, "ಬಿಡು ಮಗಳೇ, ಹಿಂದೆ ಕಾರು ಸಾಲುಗಟ್ಟಿ ನಿಂತಿವೆ" ಎಂದಾಗ ಸುನ್ನಿವಾ, "ನಿಲ್ಲಲಿ. ಅವರಿಗೂ ಎಲ್ಲೂ ಹೋಗೋದು ಬೇಡ" ಎಂದಳು. ಹಾಲ್‌ನಲ್ಲಿದ್ದ ಕೆಲವರು ನಕ್ಕರು. ಯೊರುನ್ ಓಡ್ವಾರನ ಅಂಗೈ ಹುಡುಕಿ ಹಿಡಿದುಕೊಂಡಳು.

ಕೊನೆಗೆ ಸುನ್ನಿವಾ ರ‍್ಯಾಂಪಿನ ಪಕ್ಕ ಬಂದು ನಿಂತಳು. ಗುಂಡಿಯ ಹತ್ತಿರ ಕೈ ಹೋಯಿತು. ಅವಳು ತಿರುಗಿ ಸೀದಾ ಅಮ್ಮನನ್ನು ನೋಡಿದಳು. ಬಾಯಿ ತೆರೆದಳು. ಓಡ್ವಾರನಿಗೆ ಅವಳ ಹಲ್ಲು ಕಂಡಿತು. ಯೊರುನ್ ಕುರ್ಚಿಯಲ್ಲಿ ತುಸು ಮುಂದಕ್ಕೆ ಬಾಗಿದಳು, ಕಿವಿ ಸರಿಯಾಗಿ ಕೇಳದವರು ಬಾಗುವ ಹಾಗೆ.

ಸುನ್ನಿವಾ ಬಾಯಿ ಮುಚ್ಚಿದಳು. ಬಗ್ಗಿ ಹಲಗೆಯ ಮೇಲೆ ಮೂರು ಸಲ ಬಡಿದಳು.

ಹಿಂದೆ ಹುಡುಗರು ಹಗ್ಗ ಎಳೆದರು. ಪರದೆಯ ಪಕ್ಕ ನಿಂತಿದ್ದ ಬೋದಿಲ್ ಗೋಡೆಗೆ ತಿರುಗಿಕೊಂಡಳು.

ಕಾರಿನಲ್ಲಿ ಮನೆಗೆ ಬರುವಾಗ ಸುನ್ನಿವಾ ಹಿಂದಿನ ಸೀಟಿನಿಂದ ಕೇಳಿದಳು. "ಹೇಗಿತ್ತಮ್ಮ?"

"ನಾನು ಮಾಡಿದ್ದಕ್ಕಿಂತ ಚೆನ್ನಾಗಿತ್ತು. ನಾನು ಹುಟ್ಟು ಎತ್ಕೊಂಡು ಬರುವಾಗ ಪಾದ್ರಿಯ ಪಾತ್ರದವನ ತಲೆಗೆ ಬಡಿದುಬಿಟ್ಟಿದ್ದೆ."

"ಕೊನೇದು ಶುಕ್ರವಾರ ಹೇಳ್ತೀನಿ."

"ಗೊತ್ತು ಕಣೇ. ನಾನೂ ಅದೇ ಶಾಲೇಲಿ ಓದಿದವಳು."

ಕನ್ನಡಿಯಲ್ಲಿ ಓಡ್ವಾರನಿಗೆ ಮಗಳ ಮುಖ ಕಾಣುತ್ತಿತ್ತು. ಅವಳು ಅಮ್ಮನ ಕೆಂಪು ಟೋಪಿಯ ಹಿಂಭಾಗವನ್ನೇ ನೋಡುತ್ತಿದ್ದಳು. ಏನೋ ಹೇಳುತ್ತಾಳೆ ಎಂದು ಅವನು ಕಾರನ್ನು ನಿಧಾನ ಮಾಡಿದ. ಮನೆ ಬಂತು.

ಗುರುವಾರ ಬೆಳಿಗ್ಗೆ, ಮೊದಲ ಫೆರಿ ಆಚೆ ದಡ ಬಿಡುವ ಹೊತ್ತಿಗೆ, ಯೊರುನ್ ಹೋದಳು. ಕಿಟಕಿಯಲ್ಲಿ ಬೆಳಕಾಗುತ್ತಿತ್ತು. ಅದಕ್ಕೆ ಮುಂಚೆ ಒಂದೆರಡು ಸಲ ಅವಳು "ಇವತ್ತು ಯಾವ ವಾರ?" ಎಂದು ಕೇಳಿದ್ದಳು. ಮೊದಲ ಸಲ ಓಡ್ವಾರ್ ನಿಜ ಹೇಳಿದ. ಎರಡನೇ ಸಲ "ಶುಕ್ರವಾರ" ಎಂದ. ಅವಳು ಅವನನ್ನೇ ನೋಡಿದಳು. ಸುಳ್ಳು ಗೊತ್ತಾಯಿತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಸುನ್ನಿವಾ ಮಂಚದ ಆ ಬದಿಯಲ್ಲಿ ಅಮ್ಮನ ಕೈ ಹಿಡಿದು ನಿದ್ದೆ ಹೋಗಿದ್ದಳು. ಎಬ್ಬಿಸಬೇಕೆಂದು ಅವನು ಏಳುವಷ್ಟರಲ್ಲಿ ಎಬ್ಬಿಸುವ ಅಗತ್ಯ ತೀರಿಹೋಗಿತ್ತು.

ಮಧ್ಯಾಹ್ನ ಬೋದಿಲ್ ಬಂದಳು. ನಾಟಕ ಬೇಡ, ಮುಂದೆ ಯಾವತ್ತಾದರೂ ನೋಡೋಣ ಎಂದಳು.

"ನಾಳೆ ಅಂತ ಹೇಳಿದ್ದೀನಿ" ಎಂದಳು ಸುನ್ನಿವಾ.

"ಯಾರೂ ಏನೂ ಅಂದ್ಕೊಳಲ್ಲ ಮಗೂ."

"ಅಮ್ಮನಿಗೆ ಹೇಳಿದ್ದೀನಿ."

ಬೋದಿಲ್ ಓಡ್ವಾರನ ಕಡೆ ನೋಡಿದಳು. ಅವನು ಕಾಫಿ ಸುರಿಯುತ್ತಿದ್ದ. ಲೋಟ ತುಂಬಿ ತಟ್ಟೆಗೆ ಹರಿಯಿತು.

ಶುಕ್ರವಾರ ಶಾಲೆಯ ಬಾವುಟ ಅರ್ಧಕ್ಕೆ ಇಳಿದಿತ್ತು. ಬಾಗಿಲಲ್ಲಿ ತಾಯಂದಿರು ವಾಫಲ್ ಸುಡುತ್ತಿದ್ದರು. ಆ ಸಿಹಿ ವಾಸನೆಯಲ್ಲಿ ಜನ ದನಿ ತಗ್ಗಿಸಿ ಮಾತಾಡುತ್ತ ಒಳಗೆ ಬಂದರು. ಊರಿನ ಅರ್ಧದಷ್ಟು ತಲೆಗಳು ಯೊರುನ್‌ಳ ಕತ್ತರಿಯಡಿ ಬಂದು ಹೋದವೇ. ಹಿಂದೆ ಕೂತ ಓಡ್ವಾರನಿಗೆ ಆ ತಲೆಗಳೇ ಸಾಲಾಗಿ ಕಾಣುತ್ತಿದ್ದವು. ಕೆಲವು ಆಗಲೇ ಬೆಳೆದು ಅಂಕೆ ತಪ್ಪಿದ್ದವು. ಅವನ ಪಕ್ಕದ ಕುರ್ಚಿ ಖಾಲಿ ಇತ್ತು. ಯಾರೂ ಅಲ್ಲಿ ಕೂರಲಿಲ್ಲ, ಯಾರೂ ಅದನ್ನು ತೆಗೆಯಲೂ ಇಲ್ಲ.

ನಾಟಕ ಚೆನ್ನಾಗಿ ನಡೆಯಿತು. ಮಂಗಳವಾರ ಮಾತು ಮರೆತ ಹುಡುಗ ಒಂದನ್ನೂ ಮರೆಯಲಿಲ್ಲ. ಚಕ್ರ ಉರುಳಲಿಲ್ಲ. 'ಅವರಿಗೂ ಎಲ್ಲೂ ಹೋಗೋದು ಬೇಡ' ಎನ್ನುವಲ್ಲಿ ಈ ಸಲ ಯಾರೂ ನಗಲಿಲ್ಲ.

ಸುನ್ನಿವಾ ರ‍್ಯಾಂಪಿನ ಬಳಿ ಬಂದಳು. ನಿಂತಳು. ಬಾಯಿ ತೆರೆದಳು.

ಮಾತು ಬರಲಿಲ್ಲ. ಸ್ವಲ್ಪ ಹೊತ್ತು ಅದು ನಾಟಕದ ಮೌನದಂತಿತ್ತು. ಆಮೇಲೆ ಹಾಗಿರಲಿಲ್ಲ. ಮಾರೆನ್ ಪುಸ್ತಕ ನೋಡಿದಳು, ತಲೆ ಎತ್ತಿದಳು. ಅವಳ ಪುಟದಲ್ಲಿ ಆ ಜಾಗ ಖಾಲಿ. ಬೋದಿಲ್ ಪರದೆಯ ಅಂಚು ಹಿಡಿದು ನಿಂತಿದ್ದಳು, ಅವಳಲ್ಲೂ ಕೊಡಲು ಏನೂ ಇರಲಿಲ್ಲ. ಇಡೀ ಹಾಲ್‌ನಲ್ಲಿ ಆ ಹುಡುಗಿಗೆ ಅವಳ ಮಾತನ್ನು ನೆನಪಿಸಬಲ್ಲ ಒಬ್ಬರೂ ಇರಲಿಲ್ಲ.

ಆಗ ಸುನ್ನಿವಾ ಜಾಕೆಟ್ಟಿನ ಜೇಬಿನಿಂದ ವಾಕಿಟಾಕಿ ತೆಗೆದಳು. ಅದು ಓಡ್ವಾರನ ಹಳೆಯದು, ಬ್ಯಾಟರಿ ಇಲ್ಲದ್ದು. ಅದು ಕಾಣೆಯಾದದ್ದೇ ಅವನಿಗೆ ಗೊತ್ತಿರಲಿಲ್ಲ. ಅದನ್ನು ಬಾಯಿಯ ಬಳಿ ಹಿಡಿದು, ಅವನ ಪಕ್ಕದ ಖಾಲಿ ಕುರ್ಚಿಯನ್ನು ನೋಡುತ್ತ, ದಿನವೂ ಅವನು ಹೇಳುವ ಅದೇ ಸಪ್ಪೆ ದನಿಯಲ್ಲಿ ಹೇಳಿದಳು:

"ಹಿಂದೆ ಎಲ್ಲಾ ಸರಿಯಿದೆ. ಹೊರಡಬಹುದು."

ಈ ಮಾತನ್ನು ಅವಳು ಎಂದು ಆರಿಸಿಕೊಂಡಿದ್ದಳು? ಮಗಳಿಗೆ ಏನೂ ಗೊತ್ತಿಲ್ಲವೆಂದು ಓಡ್ವಾರ್ ಮತ್ತು ಯೊರುನ್ ಇಬ್ಬರೂ ಅಂದುಕೊಂಡಿದ್ದ ದಿನಗಳಲ್ಲಿ, ಹಳದಿ ಬಣ್ಣ ಬಳಿಯುತ್ತ, ಅವಳು ತಾಯಿಗೆ ಹೊರಡಲು ಅಪ್ಪಣೆ ಸಿದ್ಧಮಾಡಿ ಇಟ್ಟುಕೊಂಡಿದ್ದಳು. ಯೊರುನ್ ಅದಕ್ಕೇ ಬಾಗಿ ಕಾದಿದ್ದಳು.

ಸುನ್ನಿವಾ ಗುಂಡಿ ಒತ್ತಲಿಲ್ಲ. ಹಗ್ಗ ಹಿಡಿದ ಹುಡುಗರು ಕಾಯುತ್ತಿದ್ದರು. ಅವಳೂ ಕಾಯುತ್ತಿದ್ದಳು. ಯಾವುದಕ್ಕೆ ಎಂದು ಆ ಹಾಲ್‌ನಲ್ಲಿ ಕೂತವರಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು.

ಅವಳು ಮತ್ತೊಮ್ಮೆ ಹೇಳಿದಳು. "ಹಿಂದೆ ಎಲ್ಲಾ ಸರಿಯಿದೆ. ಹೊರಡಬಹುದು."

ಓಡ್ವಾರ್ "ಕೇಳಿಸಿತು" ಎಂದ. ಮುಂದಿನ ಸಾಲಿನವರು ತಿರುಗಿ ನೋಡಿದರು.

ಸುನ್ನಿವಾ ಅವನ ಕಡೆ ಕಣ್ಣು ಹೊರಳಿಸಿದಳು. ಆಮೇಲೆ ಗುಂಡಿ ಒತ್ತಿದಳು. ಅವನು ಕಟ್ಟಿದ ಹಲಗೆ ಸದ್ದಿಲ್ಲದೆ ಮೇಲೆದ್ದು, ಅವಳನ್ನು ಜನರಿಂದ ಮರೆಮಾಡಿತು.

ಶನಿವಾರ ಬೆಳಿಗ್ಗೆ ರಂಗ ಬಿಚ್ಚಬೇಕಿತ್ತು. ನೀವು ಬರಬೇಡಿ ಎಂದು ಎಲ್ಲರೂ ಹೇಳಿ ಕಳಿಸಿದ್ದರು. ಅವರು ಬರುವ ಮೊದಲೇ ಅಪ್ಪ ಮಗಳು ಬಂದಿದ್ದರು. ಅವನು ಸ್ಕ್ರೂ ಬಿಚ್ಚುತ್ತಿದ್ದ. ಅವಳು ಹಲಗೆಯ ಇನ್ನೊಂದು ತುದಿ ಹಿಡಿದಿದ್ದಳು.

"ನೀನ್ಯಾಕಪ್ಪ ಉತ್ತರ ಕೊಟ್ಟೆ?"

"ಯಾರಾದ್ರೂ ಕೊಡ್ಬೇಕಿತ್ತಲ್ಲ. ಇಲ್ದಿದ್ರೆ ನೀನು ಅಲ್ಲೇ ನಿಂತಿರ್ತಿದ್ದೆ."

"ನಾನು ನಿನಗೆ ಹೇಳಿದ್ದಲ್ಲ."

"ಗೊತ್ತು."

ಅವನು ಇನ್ನೊಂದು ಸ್ಕ್ರೂ ತೆಗೆದು ಡಬ್ಬಿಗೆ ಹಾಕಿದ.

"ಮಂಗಳವಾರ ನಾಲಿಗೆ ತುದೀಲೇ ಇತ್ತು" ಎಂದಳು ಅವಳು. "ಹೇಳಿಬಿಡೋಣ ಅಂತಲೇ ಬಾಯಿ ತೆಗೆದೆ. ಆಮೇಲೆ, ಇದನ್ನ ಹೇಳಿಬಿಟ್ರೆ ಅಮ್ಮ ಹೊರಟೇಬಿಡ್ತಾಳೆ ಅನ್ನಿಸ್ತು. ಹೇಳದೆ ಇಟ್ಕೊಂಡ್ರೆ ಶುಕ್ರವಾರದ ತನಕ ಇರ್ತಾಳೆ, ಕೇಳಿಸ್ಕೊಳೋಕಾದ್ರೂ ಅಂತ." ಅವಳು ಹಲಗೆಯ ಅಂಚಿನ ಹಳದಿ ಬಣ್ಣವನ್ನು ಉಗುರಿನಿಂದ ಕೆರೆಯುತ್ತಿದ್ದಳು. "ಕಾರಲ್ಲಿ ಇನ್ನೊಂದು ಸಲ ಬಂತು. ಆಗಲೂ ಹೇಳಲಿಲ್ಲ."

ಅವನು ಮುಂದಿನ ಸ್ಕ್ರೂಗೆ ಕೈ ಹಾಕಿದ.

"ಅಪ್ಪ. ಅಮ್ಮನಿಗೆ ಅದನ್ನ ಕೇಳ್ಬೇಕು ಅಂತ ತುಂಬ ಇತ್ತಾ? ನಿನ್ನ ಹತ್ರ ಏನಾದ್ರೂ ಅಂದಿದ್ಲಾ?"

ಕೆಸರು ಹಿಮದಲ್ಲಿ ಬೋದಿಲ್‌ಳ ಜೊತೆ ನಿಂತದ್ದು ಅವನ ಕಣ್ಣ ಮುಂದೆ ಬಂತು. ಕಿಟಕಿಯ ಬಳಿಯ ಮಂಚ ಬಂತು. ಬೆಟ್ಟದಷ್ಟಿದೆ ಎಂದು ಯೊರುನ್ ಅಂದದ್ದು, ಆಮೇಲೆ ಫೋನ್ ಮಾಡೋ ಎಂದದ್ದು. ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ ಕೆಂಪು ಟೋಪಿ. ಹೇಳಿದರೆ ಎಲ್ಲವನ್ನೂ ಹೇಳಬೇಕಾಗುತ್ತಿತ್ತು.

"ಇಲ್ಲ" ಎಂದ. "ಶುಕ್ರವಾರ ಕೇಳಿದ್ರಾಯ್ತು ಅಂದಿದ್ಲು."

ಅವಳು ತಲೆಯಾಡಿಸಿದಳು. ನಂಬಿದಳೋ, ತಾನು ಕಾಯುತ್ತಿದ್ದ ಮಾತು ಬರಲಿಲ್ಲವೆಂದು ಒಪ್ಪಿಕೊಂಡಳೋ, ಅವಳ ಮುಖದಿಂದ ಗೊತ್ತಾಗಲಿಲ್ಲ. ತಾಯಿಯಿಂದ ಬಂದ ಮುಖ ಅದು.

ಕೊನೆಯ ಸ್ಕ್ರೂ ಕಳಚಿತು. ಹಲಗೆಯ ಪೂರ್ತಿ ಭಾರ ಇಬ್ಬರ ಕೈಗೆ ಬಂತು.

"ಹಿಡ್ಕೊಂಡಿದ್ದೀಯಾ?" ಎಂದು ಅವನು ಕೇಳಿದ.

"ಹೂಂ."

ಇಬ್ಬರೂ ಅದನ್ನು ನಿಧಾನವಾಗಿ ನೆಲಕ್ಕೆ ಇಳಿಸಿದರು.